ದಾಕ್ಷಾಯಣಿ ಸಿಸ್ಟರ್ ಜೊತೆ ಊರಿಗೆಲ್ಲ ಜಗಳ

ನಮ್ಮೂರಿಗೆ ಹೊಸಬರು ಯಾರೇ ಬರಲಿ, ನಾವು ಮೊದಲು ಕೇಳುವುದು ಊಟ ಆಯಿತಾ ಅಂತಲ್ಲ, ಕಡೆಯದಾಗಿ ಯಾರ ಜೊತೆ ಜಗಳವಾಡಿ ಬಂದಿರಿ ಅಂತ. ಪಾಪ, ಅವರು ಕಣ್ಣು ಕಣ್ಣು ಬಿಡುತ್ತಾರೆ. ಆಮೇಲೆ ಮೊಬೈಲ್ ತೆಗೆದು ಒಂದು ಹಾಡು ಹಾಕಿದರೆ ಗೊತ್ತಾಗುತ್ತದೆ. ಹಾಡು ಹಾಡಿದವರು ಯಾರೇ ಇರಲಿ, ಕೇಳುವುದು ಮಾತ್ರ ಆ ಜಗಳದವರ ದನಿಯಲ್ಲಿ. ಸುದ್ದಿ ಬರಲಿ, ಮಗಳು ಕಳಿಸಿದ ವಾಯ್ಸ್ ಮೆಸೇಜ್ ಬರಲಿ, ಎಲ್ಲ ಅದೇ ದನಿ. ಬರೆದು ಕಳಿಸಿದ್ದನ್ನು ಓದಿದರೂ ತಲೆಯೊಳಗೆ ಅವರೇ ಕೂತು ಓದುತ್ತಾರೆ. ನೇರವಾಗಿ ಫೋನ್ ಮಾಡಿ ಮಾತಾಡಿದರೆ ಏನೂ ತೊಂದರೆಯಿಲ್ಲ, ಅವರವರ ದನಿ ಅವರವರದೇ. ರೆಕಾರ್ಡ್ ಆಗಿ ಬಂದದ್ದು, ಬರೆದು ಬಂದದ್ದು ಮಾತ್ರ ಹೀಗೆ.

ಇದಕ್ಕೆ ನಾವು ಯಾವತ್ತೋ ಹೊಂದಿಕೊಂಡಿದ್ದೇವೆ. ಪರೀಕ್ಷೆ ಹತ್ತಿರ ಬಂದರೆ ಹುಡುಗಿಯರು ಪಾಠದ ವಿಡಿಯೋ ನೋಡುವ ಮೊದಲು ಗಣಿತದ ಮೇಡಂ ಹತ್ತಿರ ಹೋಗಿ ಅರ್ಧ ಅಂಕಕ್ಕೆ ಜಗಳ ತೆಗೆಯುತ್ತಾರೆ, ಏಕೆಂದರೆ ಅವರು ಹೇಳಿದಷ್ಟು ಬಿಡಿಸಿ ಬೇರೆ ಯಾರೂ ಹೇಳುವುದಿಲ್ಲ. ಕ್ಷೌರದ ಅಂಗಡಿಯ ಖಾಜಾಸಾಬನ ಕಂಠ ಬಲು ಇಂಪು. ಹಾಡಿನ ಹುಚ್ಚಿರುವವರು ಮೀಸೆ ಒಂದು ಕಡೆ ಗಿಡ್ಡ ಆಯಿತು ಅಂತ ಅವನ ಮೇಲೆ ಕಾಲು ಕೆರೆದು ಜಗಳಕ್ಕೆ ಹೋಗುತ್ತಾರೆ. ಪುಣ್ಯಾತ್ಮ, ಅವನೂ ಚೆನ್ನಾಗಿ ರೇಗುತ್ತಾನೆ. ರೇಗಲೇಬೇಕು, ನಾಟಕದ ಜಗಳ ಇಲ್ಲಿ ನಡೆಯುವುದಿಲ್ಲ. ಹೊಟ್ಟೆಯೊಳಗಿಂದ ಸಿಟ್ಟು ಬರಬೇಕು, ಇಬ್ಬರ ಕಿವಿಯೂ ಬಿಸಿಯಾಗಬೇಕು.

ನಾನು ನೀಲಗಂಗಾ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನದು ಆರೋಗ್ಯ ಶಿಕ್ಷಣದ ಕೆಲಸ, ಅಂದರೆ ಓಣಿ ಓಣಿ ತಿರುಗಿ ಜನರಿಗೆ ಕೈ ತೊಳೆಯಿರಿ, ನೀರು ಕುದಿಸಿ ಕುಡಿಯಿರಿ ಅಂತ ಹೇಳಿ ಬೈಸಿಕೊಳ್ಳುವುದು. ಈ ವರ್ಷ ಮೇಲಿನ ಕಚೇರಿಯವರು ನಮ್ಮ ಕೈಗೆ ಒಂದು ಆ್ಯಪ್ ಕೊಟ್ಟರು. ಅದರಲ್ಲಿ ಬಣ್ಣಬಣ್ಣದ ಚಿತ್ರ, ಸಣ್ಣ ಸಣ್ಣ ವಿಡಿಯೋ, ಯಾರೋ ಜೇನಿನಂಥ ದನಿಯ ಹೆಣ್ಣುಮಗಳು ಮಾತಾಡಿದ್ದಾಳಂತೆ. ಅಂತೆ ಯಾಕೆಂದರೆ ಆಕೆಯ ದನಿಯನ್ನು ನಮ್ಮೂರಿನಲ್ಲಿ ಯಾರೂ ಕೇಳಿಲ್ಲ! ಹೊಸದಾಗಿ ಬಂದಿದ್ದ ಡಾಕ್ಟರ್ ಗುರುಪಾದ ಅವರಿಗೆ ಮಾತ್ರ ಹುರುಪೋ ಹುರುಪು. ನಾವಿಬ್ಬರೂ ಮನೆ ಮನೆಗೆ ಹೋಗಿ ಎಲ್ಲರ ಮೊಬೈಲಿಗೂ ಆ್ಯಪ್ ಹಾಕಿಕೊಟ್ಟೆವು, ಓಣಿಗೊಂದು ವಾಟ್ಸಾಪ್ ಗುಂಪು ಕಟ್ಟಿದೆವು.

ಆದದ್ದೇನು? ಹಿತ್ತಾಳೆ ಪಾತ್ರೆಯ ವ್ಯಾಪಾರದ ಪಂಚಾಕ್ಷರಿ ಬೆಳಿಗ್ಗೆ ಬೆಳಿಗ್ಗೆಯೇ ಆಸ್ಪತ್ರೆಗೆ ಬಂದು ಮೇಜು ಗುದ್ದಿದ. ಅವನ ಕಡೆಯ ಜಗಳ ಆಗಿದ್ದು ದಾಯಾದಿ ಅಣ್ಣನ ಜೊತೆ, ಗೋಡೆಯ ವಿಷಯಕ್ಕೆ.

"ಊಟಕ್ಕ ಮೊದಲ ಕೈ ತೊಳಕೋ ಅಂತ ಅಂವ ನನಗ ಹೇಳ್ತಾನೇನ್ರಿ ಡಾಕ್ಟರ? ಅಂವ ಹೇಳಿದ ಮ್ಯಾಲ ನಾ ಸತ್ತರೂ ತೊಳಿಯಾಂಗಿಲ್ಲ!"

"ಅದು ನಿಮ್ಮ ಅಣ್ಣ ಅಲ್ಲ, ಸ್ವಾಮಿ. ಆ್ಯಪ್," ಅಂದರು ಡಾಕ್ಟರು. ಅವರು ದಕ್ಷಿಣದ ಕಡೆಯವರು, ಮಾತು ಮೆತ್ತಗೆ.

"ದನಿ ಅವಂದ ಐತಲ್ರಿ!"

ಹೀಗೆ ಊರಿಗೆ ಊರೇ ಆ್ಯಪ್ ಹೇಳಿದ್ದಕ್ಕೆ ವಿರುದ್ಧ ನಡೆಯತೊಡಗಿತು. ಒಂದು ಸಣ್ಣ ಲಾಭವೆಂದರೆ ಸುಳ್ಳು ಸುದ್ದಿಯನ್ನೂ ಯಾರೂ ನಂಬುತ್ತಿರಲಿಲ್ಲ. ಹೊಗಳಿಕೆಯನ್ನೂ ನಂಬುತ್ತಿರಲಿಲ್ಲ, ಹುಟ್ಟುಹಬ್ಬದ ಶುಭಾಶಯವನ್ನೂ ನಂಬುತ್ತಿರಲಿಲ್ಲ. ಡಾಕ್ಟರು ಮೊದಮೊದಲು ನಕ್ಕರು, ಆಮೇಲೆ ಅವರ ಮೊಬೈಲಿನಲ್ಲೂ ಆ್ಯಪಿನ ಹೆಣ್ಣುಮಗಳು ಬಸ್ ಕಂಡಕ್ಟರನ ದನಿಯಲ್ಲಿ ಮಾತಾಡತೊಡಗಿದಾಗ ನಗುವುದನ್ನು ಬಿಟ್ಟರು. ಬರುವಾಗ ಪೆಟ್ಟಿಗೆ ಮೇಲಿಡುವ ವಿಷಯಕ್ಕೆ ಅವನ ಜೊತೆ ಮಾತಿಗೆ ಮಾತು ಆಗಿತ್ತಂತೆ.

ನನ್ನ ಮೊಬೈಲಿನಲ್ಲಿ ಆಗ ಇದ್ದದ್ದು ಶಾಂಭವಿ. ನನ್ನ ತಮ್ಮ ವಿರೂಪಾಕ್ಷನ ಹೆಂಡತಿ. ಹಿಂದಿನ ವಾರವಷ್ಟೇ ಅವರ ಕೂಸಿಗೆ ಜವಳ ತೆಗೆಸಿದ್ದರು. ಏಳು ತಿಂಗಳ ಗಂಡುಕೂಸು, ನನ್ನ ಜೀವ. ಮನೆ ತುಂಬ ಬೀಗರು ಕೂತಿದ್ದಾಗ ಶಾಂಭವಿಯ ತಾಯಿ ಗೌರವ್ವ ಬೆಳ್ಳಿ ಚಮಚೆಯಲ್ಲಿ ಜೇನುತುಪ್ಪ ಹಿಡಿದು ಕೂಸಿನ ಬಾಯಿಯ ಹತ್ತಿರ ತಂದರು. ನಾನು ಚಮಚೆ ಕಸಿದುಕೊಂಡೆ. ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು, ಅದನ್ನೇ ಹೇಳುವುದು ನನ್ನ ಕೆಲಸ. ನೆಲಕ್ಕೆ ಚೆಲ್ಲಿದ್ದು ಜೇನು, ಹೋದದ್ದು ಗೌರವ್ವನ ಮರ್ಯಾದೆ. ಶಾಂಭವಿ ಎದ್ದು ನಿಂತಳು. ಊರಿನಲ್ಲಿ ಅವಳ ಬಾಯಿಗೆ ಹೆದರದವರಿಲ್ಲ, ತರಕಾರಿಯವರು ಅವಳ ಮನೆ ಮುಂದೆ ತೂಕಕ್ಕೆ ಒಂದು ಬದನೆಕಾಯಿ ಹೆಚ್ಚಿಗೆಯೇ ಹಾಕುತ್ತಾರೆ. ನಾನೂ ಕಡಿಮೆಯವಳಲ್ಲ. ಇಬ್ಬರೂ ಬೀಗರ ಎದುರಿಗೇ ಶುರು ಹಚ್ಚಿಕೊಂಡೆವು. ಕೊನೆಗೆ ಅವಳು, "ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ," ಅಂದಳು. ನಾನು, "ಕರದರೂ ಬರೂದಿಲ್ಲ," ಅಂದೆ. ಕಸಿದುಕೊಂಡದ್ದು ತಪ್ಪು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ, ತಿಳಿಯಿತಾ.

ಅದಾದ ಮೇಲೆ ಮೇಲಿನ ಕಚೇರಿಯ ಆದೇಶಗಳೆಲ್ಲ ನನಗೆ ಶಾಂಭವಿಯ ದನಿಯಲ್ಲಿ ಬರತೊಡಗಿದವು. "ವರದಿಯನ್ನು ಕೂಡಲೇ ಸಲ್ಲಿಸತಕ್ಕದ್ದು" ಅನ್ನುವುದನ್ನು ಅವಳ ಬಾಯಲ್ಲಿ ಕೇಳಬೇಕು ನೀವು!

ಅಷ್ಟರಲ್ಲಿ ಊರಿನ ದೊಡ್ಡ ನೀರಿನ ಟಾಕಿಗೆ ಹೋಗುವ ಪೈಪು ಒಡೆದು ಗಟಾರದ ನೀರು ಸೇರಿತು. ಮೊದಲ ದಿನ ಆಸ್ಪತ್ರೆಗೆ ಕೆಲವರು ಬಂದರು, ಮರುದಿನ ಮಂಚ ಸಾಲದೆ ಜಗಲಿಯ ಮೇಲೆ ಚಾಪೆ ಹಾಸಿದೆವು. ವಾಂತಿಭೇದಿ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ, ಎಳೆಯ ಕೂಸುಗಳಿಗೆ ಒಂದೇ ದಿನದಲ್ಲಿ ಕಣ್ಣು ಒಳಗೆ ಹೋಗಿಬಿಡುತ್ತವೆ. ಔಷಧ ಅಂದರೆ ಏನು? ಓಆರ್‌ಎಸ್ ಪುಡಿ, ಕುದಿಸಿ ಆರಿಸಿದ ನೀರು, ಒಂದು ಚಮಚೆ, ಕುಡಿಸುವ ತಾಳ್ಮೆ. ಆದರೆ ನಮ್ಮೂರಿನ ಅಜ್ಜಿಯರೆಲ್ಲ ತಿಳಿದುಕೊಂಡದ್ದು ಹೊಟ್ಟೆ ಓಡುವಾಗ ನೀರು ಕೊಟ್ಟರೆ ಇನ್ನೂ ಓಡುತ್ತದೆ ಅಂತ. ನೀರು ನಿಲ್ಲಿಸಬೇಡಿ ಅನ್ನುವ ಒಂದೇ ಒಂದು ಮಾತು ಎಲ್ಲ ಮನೆಗೂ ಅವತ್ತೇ ಮುಟ್ಟಬೇಕಿತ್ತು. ಮನೆ ಮನೆಗೆ ಹೋಗಲು ನಮಗೆ ಕಾಲುಗಳು ಸಾಲವು. ಮೊಬೈಲ್ ಎಲ್ಲರ ಕೈಯಲ್ಲೂ ಇತ್ತು, ಮಾತಾಡುವವರು ಮಾತ್ರ ವೈರಿಗಳು.

"ಈ ಊರಿನಲ್ಲಿ ಎಲ್ಲರೂ ಮಾತು ಕೇಳುವಂಥ ಒಬ್ಬರು ಯಾರೂ ಇಲ್ವಾ?" ಅಂತ ಡಾಕ್ಟರು ತಲೆ ಹಿಡಿದುಕೊಂಡು ಕೂತರು.

"ದಾಕ್ಷಾಯಣಿ ಸಿಸ್ಟರ್!" ಅಂದೆ. ಅಂದದ್ದೇ ತಡ, ಮೈಯೆಲ್ಲ ಜುಮ್ಮೆಂದಿತು. ಇಷ್ಟು ಹೊತ್ತು ಹೊಳೆಯಲೇ ಇಲ್ಲವಲ್ಲ ಅಂತ ಹಣೆ ಚಚ್ಚಿಕೊಂಡೆ. "ಸರ್, ಊರ ಮಂದೀನೆಲ್ಲಾ ಅವರ ಜೋಡಿ ಜಗಳಾ ಮಾಡಸೋಣ!"

ದಾಕ್ಷಾಯಣಿ ಸಿಸ್ಟರ್ ನಮ್ಮ ಆಸ್ಪತ್ರೆಯ ನಿವೃತ್ತ ನರ್ಸ್. ಅರ್ಧ ಊರನ್ನು ಹೆರಿಗೆ ಮಾಡಿಸಿದ ಕೈ ಅದು. ಆಕೆ ಹುಟ್ಟಿದಾಗಿನಿಂದ ಯಾರ ಜೊತೆಗೂ ಜಗಳವಾಡಿದವರಲ್ಲ, ಹಾಗಾಗಿ ಆಕೆಯ ಮೊಬೈಲಿನಲ್ಲಿ ಏನೂ ಕೇಳುತ್ತಲೇ ಇರಲಿಲ್ಲ. ಹಾಡು ಹಾಕಿದರೆ ಮೂಕ, ವಾರ್ತೆ ಹಾಕಿದರೆ ಮೂಕ. ಬ್ಯಾಟರಿಗೆ ಅಂತ ಇಟ್ಟುಕೊಂಡಿದ್ದರು, ಕತ್ತಲಲ್ಲಿ ಕೀಲಿಕೈ ಹುಡುಕಲು.

ನಾನು ಓಡುತ್ತಾ ಅವರ ಮನೆಗೆ ಹೋಗಿ ವಿಷಯ ಹೇಳಿದೆ. ಸಿಸ್ಟರ್ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಜಗಳಾ? ನನಗ ಬರೂದಿಲ್ಲವಾ ನೀಲಾ. ಹೆಂಗ ಸುರು ಮಾಡ್ತಾರ ಅದನ್ನ?"

"ನಾವು ಕಲಸ್ತೀವ್ರಿ."

"ಮಂದಿ ನನ್ನ ಮ್ಯಾಲ ಸಿಟ್ಟಾಗಿ ಮನಿಗೆ ಹೋಗ್ತಾರಲ್ಲ. ಆಮ್ಯಾಲ?"

"ಆಮ್ಯಾಲ ನಿಮ್ಮ ಮಾತು ಕೇಳ್ತಾರ್ರಿ."

"ಮಾತು ಕೇಳ್ತಾರ. ಆದರ ನನ್ನ ಮಾತಾಡ್ಸೂದಿಲ್ಲ." ಸಿಸ್ಟರ್ ಸುಲಿದ ಕಾಳನ್ನು ಬೆರಳಲ್ಲಿ ಆಡಿಸಿದರು. ನನಗೆ ಅಳು ಬರುವಂತಾಯಿತು. ಆ ವಯಸ್ಸಿನಲ್ಲಿ ಒಬ್ಬರೇ ಇರುವ ಹೆಂಗಸು, ಹಾದಿಯಲ್ಲಿ ಹೋಗುವವರು "ಸಿಸ್ಟರ್, ಚಹಾ ಆತ್ರ್ಯಾ?" ಅನ್ನುವುದೇ ಆಕೆಗೆ ಮನೆ ತುಂಬ ಮಕ್ಕಳಿದ್ದಂತೆ. ಆಮೇಲೆ ಆಕೆ ಮೊರ ಬದಿಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಡಿ. ಕೂಸುಗಳು ಒಣಗಾಕತ್ತಾವಂತಿ. ನಾನು ಹಿಡದ ಕೂಸುಗಳವು."

ಮರುದಿನ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಜಗಳದ ಶಿಬಿರ ಅಂತ ಡಂಗುರ ಸಾರಿಸಿದೆವು. ಶಿಬಿರದ ದಿನ ಬೆಳಿಗ್ಗೆ ನಾನು ಪೆಂಡಾಲು ಕಟ್ಟಿಸುತ್ತಿರುವಾಗಲೇ ವಿರೂಪಾಕ್ಷನ ಫೋನು ಬಂತು. ಅವನು ನೀರು ಸರಬರಾಜಿನ ಕೆಲಸಗಾರ, ಟಾಕಿ ತೊಳೆಯಲು ಹೋಗಿದ್ದ.

"ಅಕ್ಕಾ, ಕೂಸಿಗೂ ಸುರು ಆಗೇತಿ. ಒಂದ ಸಮ ಹೊಂಟೈತಿ. ನಮ್ಮತ್ತಿ ನೀರ ಕುಡಸಬ್ಯಾಡ ಅಂದು ಕುಂತಾಳ. ನಾ ಟಾಕಿ ಬಿಟ್ಟು ಬರಂಗಿಲ್ಲ. ಏನರ ಮಾಡ!"

ಕರೆದರೂ ಬರುವುದಿಲ್ಲ ಅಂದಿದ್ದ ನಾನು ಕರೆಯದೇ ಓಡಿದೆ. ಬಾಗಿಲಲ್ಲಿ ಗೌರವ್ವ ಎರಡೂ ಕೈ ಚೌಕಟ್ಟಿಗೆ ಹಿಡಿದು ನಿಂತರು. ಒಳಗೆ ಕೂಸು ಕುಂಯ್ ಕುಂಯ್ ಅನ್ನುತ್ತಿತ್ತು, ಅಳಲೂ ತ್ರಾಣವಿಲ್ಲದ ಹಾಗೆ.

"ಅವತ್ತ ಜೇನು ಕೊಡಬ್ಯಾಡ ಅಂದಿ, ಇವತ್ತ ನೀರ ಕೊಡು ಅಂತಿ. ನಾ ಆರು ಹಡದಾಕಿ, ನನಗ ಕಲಸಾಕ ಬರಬ್ಯಾಡ. ಶಾಂಭವಿ ಮಾರಿ ನೋಡೂದಿಲ್ಲ ಅಂದಾಳ, ಹೋಗು."

ಪುಡಿಯ ಪ್ಯಾಕೆಟ್‌ಗಳನ್ನು ಕಿಟಕಿಯೊಳಗೆ ಎಸೆದು ವಾಪಸು ಬಂದೆ. ಆದರೂ ಒಂದು ಆಸೆಯಿತ್ತು: ಶಾಂಭವಿ ಶಿಬಿರಕ್ಕೆ ಬಂದೇ ಬರುತ್ತಾಳೆ, ಜಗಳ ಅಂದರೆ ಅವಳು ಬಿಡುವವಳೇ? ಸಿಸ್ಟರ್ ಜೊತೆ ಒಂದು ಸಲ ಬೈದಾಡಿಬಿಟ್ಟರೆ ಸಾಕು, ಆಮೇಲೆ ಸಿಸ್ಟರ್ ದನಿಯಲ್ಲಿ ಬಂದ ಮಾತನ್ನು ಅವಳು ತಳ್ಳಿಹಾಕಲಾರಳು. ಆಸ್ಪತ್ರೆಯ ಗೋಡೆಗೆ ಮೊಬೈಲ್ ಒರಗಿಸಿಟ್ಟು ನಾನೇ ವಿಡಿಯೋ ಮಾಡಿದೆ. ಯಾರು ಮಾತಾಡಿದರೂ ಊರಿಗೆ ಕೇಳುವುದು ಸಿಸ್ಟರ್ ದನಿಯೇ ತಾನೆ. ನೀರು ಕುದಿಸಿದೆ, ಆರಿಸಿದೆ, ಒಂದು ಲೀಟರಿಗೆ ಒಂದು ಪ್ಯಾಕೆಟ್ ಕಲಸಿದೆ, ಚಮಚೆ ಎತ್ತಿ ತೋರಿಸಿದೆ. "ಹೊಟ್ಟಿ ಹೋಗೂ ಮುಂದ ನೀರ ನಿಲ್ಲಸಬ್ಯಾಡ್ರಿ. ಚಮಚೆ ಚಮಚೆ ಕುಡಸ್ರಿ. ವಾಂತಿ ಆದರ ತಡೆದು ಮತ್ತ ಕುಡಸ್ರಿ. ಮೊಲಿಹಾಲು ಬಿಡಸಬ್ಯಾಡ್ರಿ. ಕೂಸು ಉಚ್ಚಿ ಹೊಯ್ಯೂದು ನಿಂತರ ದವಾಖಾನಿಗೆ ಕರಕೊಂಡ ಬರ್ರಿ." ಒಂದೇ ಉಸಿರಿಗೆ ಹೇಳಿ ಮುಗಿಸಿ ಮೈದಾನಕ್ಕೆ ಓಡಿದೆ.

ಅಬ್ಬಾ, ಆ ಮೈದಾನ! ಊರಿಗೆ ಊರೇ ಬಂದು ಕೂತಿತ್ತು. ನಡುವೆ ಒಂದು ಕುರ್ಚಿಯಲ್ಲಿ ದಾಕ್ಷಾಯಣಿ ಸಿಸ್ಟರ್, ಬಿಳಿ ಸೀರೆ, ಕೈಯಲ್ಲಿ ಬೀಸಣಿಗೆ. ಆದರೆ ಜಗಳ ಶುರುವಾಗಬೇಕಲ್ಲ! ಮುಂದೆ ಬಂದವರೆಲ್ಲ ಆಕೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಒಬ್ಬ ಗಟ್ಟಿ ಮನಸ್ಸು ಮಾಡಿ, "ಸಿಸ್ಟರ್, ನೀವು... ನೀವು ಭಾಳ ಒಳ್ಳೇವರು," ಅಂದು ಕಣ್ಣೊರೆಸಿಕೊಂಡ. ಡಾಕ್ಟರು ನನ್ನ ಕಡೆ ನೋಡಿದರು, ನಾನು ಆಕಾಶದ ಕಡೆ ನೋಡಿದೆ.

ಸಿಮೆಂಟ್ ಅಂಗಡಿಯ ರುದ್ರಮುನಿ ಬಂದು ಕೈ ಮುಗಿದಾಗ ಸಿಸ್ಟರ್ ಬೀಸಣಿಗೆ ನಿಲ್ಲಿಸಿದರು. ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ಹುಟ್ಟಿದಾಗ ನಿಮ್ಮಪ್ಪ ಎರಡ ದಿನ ನೋಡಾಕ ಬರಲಿಲ್ಲ. ನಿನ್ನ ಮಗಳು ಹುಟ್ಟಿದಾಗ ನೀ ಬರಲಿಲ್ಲ. ನಿಮ್ಮ ಮನಿತನಾನ ಹಂಗ."

ರುದ್ರಮುನಿಯ ಮುಖ ಕೆಂಪಗಾಯಿತು.

"ಮನಿತನದ ಸುದ್ದಿಗೆ ಬರಬ್ಯಾಡ್ರಿ ಸಿಸ್ಟರ್!"

"ಬರತೇನಿ. ಏನ ಮಾಡ್ತಿ?"

ಹೊತ್ತಿಕೊಂಡಿತು ನೋಡಿ! ರುದ್ರಮುನಿ ಕೂಗಾಡಿದ, ಸಿಸ್ಟರ್ ಎದ್ದು ನಿಂತು ಕೂಗಾಡಿದರು. ಅವನು ಹೋಗುತ್ತಲೇ ಇನ್ನೊಬ್ಬಳು ನುಗ್ಗಿ ಬಂದಳು: "ನನ್ನ ಹೆರಿಗಿಯೊಳಗ ಕಪಾಳಕ್ಕ ಹೊಡದಿದ್ರಿ, ಮರತೀರೇನ?" ಸಿಸ್ಟರ್, "ಹೊಡದದ್ದಕ್ಕ ನಿನ್ನ ಕೂಸು ಉಳೀತವಾ! ಇನ್ನೊಂದ ಹೊಡೀಬೇಕಾಗಿತ್ತು!" ಅಂದರು. ಊರಿಗೆ ಆಕೆಯ ಮೇಲೆ ಇಷ್ಟೊಂದು ಸಿಟ್ಟಿದೆಯೆಂದು ಊರಿಗೇ ಗೊತ್ತಿರಲಿಲ್ಲ. ಇಂಜೆಕ್ಷನ್ ಚುಚ್ಚಿದ್ದು, ಗಂಡು ಹುಟ್ಟಲಿಲ್ಲ ಅಂತ ಮುಖ ಸಣ್ಣ ಮಾಡಿದವರಿಗೆ ಬುದ್ಧಿ ಹೇಳಿದ್ದು, ಹಸಿ ಬಾಣಂತಿಗೆ ಹೆಚ್ಚು ನೀರು ಕುಡಿ ಅಂದದ್ದು, ಎಲ್ಲ ಹೊರಗೆ ಬಂತು. ಆಕೆಗೂ ಅಷ್ಟೇ. ಇಷ್ಟು ವರ್ಷ ನುಂಗಿದ್ದನ್ನೆಲ್ಲ ಆಕೆ ಹೆಸರು ಹೆಸರು ಹಿಡಿದು ಆಡಿದರು. ಪಂಚಾಕ್ಷರಿಗಂತೂ, "ನೀನು ನಿನ್ನ ಅಣ್ಣ ಇಬ್ಬರೂ ತಲಿ ಗಟ್ಟಿ ಇದ್ದಾವರು, ಹೊರಗ ತೆಗೆಯೂದರೊಳಗ ನನ್ನ ಜೀವಾ ಹೋಗಿತ್ತು," ಅಂದಾಗ ಅವನು ಟೋಪಿ ನೆಲಕ್ಕೆ ಒಗೆದು ಕುಣಿದ. ನಾನು ಚಪ್ಪಾಳೆ ತಟ್ಟಿದೆ. ಡಾಕ್ಟರು ಬೆಂಚಿನ ಮೇಲೆ ಹತ್ತಿ, "ಸರದಿಯಲ್ಲಿ ಬನ್ನಿ, ಎಲ್ಲರಿಗೂ ಜಗಳ ಸಿಗುತ್ತೆ!" ಅಂತ ಕೂಗುತ್ತಿದ್ದರು.

ಕಡೆಯಲ್ಲಿ ಉಳಿದವನು ಹಿಟ್ಟಿನ ಗಿರಣಿಯ ಬಸಲಿಂಗ, ಒಡಕು ಗಂಟಲಿನ ಮನುಷ್ಯ. ಅವನೂ ಬೈದು ಹೋದ ಮೇಲೆ ಸಿಸ್ಟರ್ ಕುರ್ಚಿಯಲ್ಲಿ ಕುಸಿದರು. ಮೈಯೆಲ್ಲ ಬೆವರು, ದನಿ ಬಿದ್ದುಹೋಗಿತ್ತು. ನಾನು ಸೋಡಾ ಕುಡಿಸಿದೆ. ಆಕೆ ಸುಮ್ಮನೆ ಕೈಗೆ ಬಂದ ಮೊಬೈಲ್ ಒತ್ತಿದರು. ಅದರಲ್ಲಿ ಯಾವುದೋ ಲಾಲಿ ಹಾಡು ಇತ್ತು. ಆಕೆ ಬೆಚ್ಚಿಬಿದ್ದರು.

"ನೀಲಾ, ಕೇಳಸ್ತದವಾ! ಹಾಡು ಕೇಳಸ್ತದ ನನಗ! ಬಸಲಿಂಗ ಜೋಗುಳಾ ಹಾಡಾಕತ್ತಾನ!" ಅಂತ ಬಿದ್ದ ದನಿಯಲ್ಲೇ ನಕ್ಕು ನಕ್ಕು ಕಣ್ಣೀರು ಹಾಕಿದರು.

ವಿಡಿಯೋ ಹರಿಬಿಟ್ಟೆ. ನೀವು ನಂಬುವುದಿಲ್ಲ, ಅರ್ಧ ಗಂಟೆಯಲ್ಲಿ ಓಣಿ ಓಣಿಯಲ್ಲೂ ಒಲೆ ಹೊತ್ತಿದವು. ಮನೆ ಮುಂದೆಲ್ಲ ನೀರು ಆರಿಸಲು ಇಟ್ಟ ಪಾತ್ರೆಗಳು. ಔಷಧದ ಅಂಗಡಿಯಲ್ಲಿ ಪುಡಿ ಖಾಲಿಯಾಗಿ ಆಸ್ಪತ್ರೆಯ ದಾಸ್ತಾನು ತೆಗೆಸಿದೆವು. ಪಂಚಾಕ್ಷರಿ ಅಂಗಡಿಯ ಕಟ್ಟೆಯ ಮೇಲೆ ಮೊಣಕೈಯವರೆಗೆ ಸೋಪು ಹಚ್ಚಿ ತಿಕ್ಕುತ್ತಾ, "ಬಾಯಿ ಕೆಟ್ಟದು ಮುದುಕೀದು. ಆದರ ಹೇಳೂದು ಖರೇನ ಹೇಳ್ತಾಳ," ಅನ್ನುತ್ತಿದ್ದ. ನಾನು ಮತ್ತು ಡಾಕ್ಟರು ನಡುಬೀದಿಯಲ್ಲೇ ಕುಣಿಯುವುದೊಂದು ಬಾಕಿ.

ಆಗ ನೆನಪಾಯಿತು. ಆ ಇಡೀ ಮಂದಿಯಲ್ಲಿ ಶಾಂಭವಿ ಇರಲಿಲ್ಲ.

ಊರಿಗೆಲ್ಲ ಸಿಸ್ಟರ್ ಮಾತಾಡುತ್ತಿದ್ದರೆ ಆ ಒಂದು ಮನೆಯಲ್ಲಿ ಮಾತಾಡುತ್ತಿರುವುದು ನಾನು! ಚಮಚೆ ಕಸಿದ ನಾನು! ನಾನು ಹೇಳಿದ್ದಕ್ಕೆ ವಿರುದ್ಧ ಮಾಡುವುದೊಂದೇ ಅವಳಿಗೆ ಗೊತ್ತು. ಡಾಕ್ಟರು ನನ್ನನ್ನು ಬಿಟ್ಟು ತಾವೇ ಹೋಗಿ ಬಂದರು.

"ಕೂಸು ಸುಸ್ತಾಗಿದೆ, ಆದರೆ ಕೈ ಮೀರಿಲ್ಲ. ನಿಮ್ಮ ತಮ್ಮನ ಹೆಂಡತಿ ಬಾಯೇ ಬಿಡಲಿಲ್ಲ ಕಣ್ರೀ. ಕುಡಿಸ್ತೀಯಾ ಅಂದ್ರೆ ಹೂಂ ಇಲ್ಲ, ಊಹೂಂ ಇಲ್ಲ, ತುಟಿ ಬಿಗಿದುಕೊಂಡು ನೋಡ್ತಾ ಇದ್ದಳು. ಮಾತಾಡಿದ್ದೆಲ್ಲ ಅವರಮ್ಮ. ನಸುಕಿನೊಳಗೆ ಕೂಸು ಉಚ್ಚೆ ಹೊಯ್ಯದಿದ್ದರೆ ಎತ್ತಿಕೊಂಡು ಬನ್ನಿ, ಡ್ರಿಪ್ ಹಾಕಲೇಬೇಕು."

ಶಾಂಭವಿ ಬಾಯಿ ಬಿಡಲಿಲ್ಲ ಅಂದರೆ ನನ್ನ ಮೇಲಿನ ಸಿಟ್ಟು ನೆತ್ತಿಗೇರಿದೆ ಅಂತಲೇ ನಾನು ತಿಳಿದೆ. ಬೆಳಕು ಹರಿಯುತ್ತಲೇ ಆಟೋ ಕರೆದುಕೊಂಡು ಅವರ ಮನೆ ಮುಂದೆ ನಿಲ್ಲಿಸಿದೆ. ಈ ಸಲ ಗೌರವ್ವನನ್ನು ತಳ್ಳಿಯಾದರೂ ಒಳಗೆ ಹೋಗುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಕೂಸನ್ನು ಎತ್ತಿಕೊಂಡು ಓಡುತ್ತೇನೆ. ಹಾದಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡು ಬಂದಿದ್ದೆ.

ಬಾಗಿಲು ತೆರೆದೇ ಇತ್ತು. ಗೌರವ್ವ ಕಾಣಲಿಲ್ಲ. ಪಡಸಾಲೆಯಲ್ಲಿ ಶಾಂಭವಿ ಕೂದಲು ಕೆದರಿಕೊಂಡು ಕೂತಿದ್ದಳು, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಪುಡಿ ಕಲಸಿದ ನೀರಿನ ವಾಟಗ, ಕೈಯಲ್ಲಿ ಚಮಚೆ. ಎದುರಿಗೆ ಕಂಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ನಾನು ಚಮಚೆ ಎತ್ತಿ ತೋರಿಸುತ್ತಿದ್ದೆ. ಅವಳು ನನ್ನ ವಿಡಿಯೋ ನೋಡಿ ನೋಡಿ ಹಾಗೆಯೇ ಚಮಚೆ ಎತ್ತಿ ಕೂಸಿನ ತುಟಿಯ ಸಂದಿಗೆ ಬಿಡುತ್ತಿದ್ದಳು.

"ಒಳಗ ಬರ್ರಿ," ಅಂದಳು, ಪಿಸುದನಿಯಲ್ಲಿ. "ದೊಡ್ಡ ದನಿ ತೆಗೀಬ್ಯಾಡ್ರಿ. ಅವ್ವನ್ನ ಹೂವು ತಾ ಅಂತ ಕಳಿಸೀನಿ. ನಿನ್ನೆಯಿಂದ ಅದು ತಾ ಇದು ತಾ ಅಂತ ಕಳಿಸಿ ಕಳಿಸಿ ಕುಡಿಸಾಕತ್ತೀನಿ."

ನನಗೆ ಜೋಡಿಸಿಕೊಂಡ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. "ಯಾರ ದನಿಯೊಳಗ ಕೇಳಾಕತ್ತೀದಿ ನೀನು?" ಅಂದೆ.

"ನಿಮ್ಮ ದನಿಯೊಳಗ. ಮತ್ತ್ಯಾರದು?"

"ಆದರೂ..."

"ಊರಿಗೆಲ್ಲ ಸಿಸ್ಟರ್ ಹೇಳ್ಯಾರಂತ. ಸಿಸ್ಟರ್ ಊರಿಗೆಲ್ಲ ಹೇಳ್ತಾರ. 'ಮೊಲಿಹಾಲು ಬಿಡಸಬ್ಯಾಡ್ರಿ' ಅನ್ನೂ ಮುಂದ ನಿಮ್ಮ ದನಿ ನಡುಗೇತ್ರಿ ಅಕ್ಕಾರ. ಅಲ್ಲೇ ತಿಳೀತು, ಇದು ನನ್ನ ಕೂಸಿಗೆ ಹೇಳಿದ್ದು." ಚಮಚೆ ಮತ್ತೆ ವಾಟಗಕ್ಕೆ ಅದ್ದಿದಳು. "ಜೇನಿನ ಮಾತು ಬ್ಯಾರೆ. ಅದನ್ನ ನಾ ಮರತಿಲ್ಲ."

ಆ ವಿಡಿಯೋವನ್ನು ಊರೆಲ್ಲ ಕೇಳಿತ್ತು, ಆದರೆ ನಾನು ಹೇಳಿದ ಹಾಗೆ, ನನ್ನ ಹೆದರಿಕೆಯ ಸಮೇತ ಕೇಳಿದ್ದು ಈ ಒಬ್ಬಳು. ನನ್ನನ್ನು ಕಂಡರೆ ಆಗದವಳು. ಸಂತೋಷಕ್ಕೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ಕೂಸು ನಡುವೆ ಇತ್ತು.

"ಉಚ್ಚಿ ಹೊಯ್ತೇನು?"

"ನಿನ್ನೆ ಸಂಜಿಯಿಂದ ಇಲ್ಲ." ಈಗ ಅವಳ ದನಿ ನಡುಗಿತು.

"ಹಂಗಾರ ಏಳು. ಆಟೋ ನಿಂತೈತಿ. ಕುಡಿಸಿಕೋತ ಹೋಗೋಣ."

ಅವಳು ಏಳುವಷ್ಟರಲ್ಲಿ ಬಾಗಿಲಲ್ಲಿ ಹಾಲಿನ ಯಂಕಪ್ಪ ಕ್ಯಾನು ಇಳಿಸಿದ. ಪಾತ್ರೆಗೆ ಹಾಲು ಸುರಿದ. ಹಾಲು ಅಂತ ಅವನು ಕರೆಯುತ್ತಾನೆ, ನಾನು ದೂರದಿಂದಲೇ ಪಾತ್ರೆಯ ತಳ ಕಂಡೆ. ಶಾಂಭವಿಯೂ ನೋಡಿದಳು. ಅವಳ ಮೂಗಿನ ಹೊಳ್ಳೆ ಅರಳಿದವು. ತುಟಿ ಬಿಗಿದುಕೊಂಡಳು. ಒಂದು ಮಾತೂ ಆಡಲಿಲ್ಲ. ಯಂಕಪ್ಪ ಹೋಗದೆ ನಿಂತ, ಅವನಿಗೇ ಭಯವಾಗಿತ್ತು.

"ಅಕ್ಕಾರ, ಕೂಸಿನ ಜವಳಾ ಆದಾಗಿಂದ ಬೈದಿಲ್ಲ. ಇವತ್ತೂ ಬೈವಲ್ರಿ. ಮೈಯಾಗ ಆರಾಮ ಇಲ್ಲೇನ್ರಿ?"

"ಯಾಕ ಸುಮ್ಮ ನಿಂತೀದಿ?" ಅಂತ ನಾನೂ ಕೇಳಿದೆ.

ಶಾಂಭವಿ ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಇವನ ಜೋಡಿ ಜಗಳಾ ಆದರ ಫೋನಿನ್ಯಾಗಿಂದ ನೀವು ಹೋಗ್ತೀರಿ. ಆಮ್ಯಾಲ ಕೂಸಿಗೆ ಏನಾರ ಆದರ ನನಗ ಹೇಳಾವರು ಯಾರು? ಅದಕ್ಕ ಹಲ್ಲು ಕಚಗೊಂಡು ಕುಂತೀನಿ. ಅವ್ವನ ಜೋಡಿ ಆಡಿಲ್ಲ, ನಮ್ಮ ಮನಿಯವರ ಜೋಡಿ ಆಡಿಲ್ಲ. ನಿನ್ನೆ ಡಾಕ್ಟರ್ ಬಂದಾಗ ಬಾಯಿ ತೆಗದಿದ್ದರ ಅವರ ಜೋಡಿ ಆಗೇ ಹೋಗ್ತಿತ್ತು. ಅದಕ್ಕ ಶಿಬಿರಕ್ಕೂ ಬರಲಿಲ್ಲ."

ಕೂಸನ್ನು ಅವಳ ಕೈಯಿಂದ ಎತ್ತಿಕೊಂಡೆ. ನಾಲಿಗೆ ನೋಡಿದೆ, ಪಸೆಯಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟೆ, ತಟ್ಟನೆ ಸರಿಹೋಯಿತು. ಕೂಸು ಕಣ್ಣು ತೆರೆದು ನನ್ನ ಮೂಗುತಿಯನ್ನು ನೋಡಿತು. ಅಷ್ಟರಲ್ಲಿ ನನ್ನ ಹೊಟ್ಟೆಯ ಮೇಲೆ, ಸೀರೆಯ ನೆರಿಗೆಯ ಮೇಲೆ, ಬೆಚ್ಚಗೆ ಹರಿಯಿತು.

"ಶಾಂಭವೀ!" ಅಂತ ಕಿರುಚಿದೆ. "ಹೊಯ್ತು! ಹೊಯ್ತು ನೋಡ!"

ಅವಳು ನಂಬದೆ ನನ್ನ ಒದ್ದೆ ಸೀರೆಯನ್ನು ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿದಳು. ಕೈ ಎತ್ತಿ ಮೂಸಿದಳು. ಆಮೇಲೆ ಆ ಕೈಯನ್ನೇ ಮುಖಕ್ಕೆ ಒತ್ತಿಕೊಂಡು ಹೋ ಅಂತ ಅತ್ತಳು. ನಾನೂ ಅತ್ತೆ. ಏನಾಯಿತೋ ಅಂತ ಆಟೋದವನು ಒಳಗೆ ಇಣುಕಿದ. ಯಂಕಪ್ಪ ಇದೇ ಸಮಯ ಅಂತ ಕ್ಯಾನು ಎತ್ತಿಕೊಂಡು ಮೆಲ್ಲಗೆ ಹೊಸ್ತಿಲು ಇಳಿಯುತ್ತಿದ್ದ.

ಶಾಂಭವಿ ಕಣ್ಣೊರೆಸಿಕೊಂಡಳು. ಕೂದಲು ಎತ್ತಿ ಗಂಟು ಹಾಕಿದಳು. ಒಂದು ಸಲ ನನ್ನ ಮುಖ ನೋಡಿದಳು, ಜಗಳಕ್ಕೆ ಹೋಗಲಾ ಅಂತ ಕೇಳುವ ಹಾಗೆ. ನಾನು ತಲೆಯಾಡಿಸಿದೆ.

"ಏ ಯಂಕ್ಯಾ! ನಿಲ್ಲೋ ಅಲ್ಲೇ! ಇದನ್ನ ಹಾಲು ಅಂತಾರೇನೋ? ನಿನ್ನ ಎಮ್ಮಿ ಕೆರಿಯೊಳಗ ಮಲಗಿರ್ತೈತೇನೋ?"

ಓಣಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಅಷ್ಟೂ ದಿನದ್ದನ್ನು ಅವಳು ಒಟ್ಟಿಗೇ ತೀರಿಸುತ್ತಿದ್ದಳು. ಯಂಕಪ್ಪನೂ ಸಮಾಧಾನವಾದವನಂತೆ ಕ್ಯಾನು ಇಳಿಸಿ ಎದುರು ವಾದಿಸತೊಡಗಿದ. ಕಂಬಕ್ಕೆ ಒರಗಿದ್ದ ಮೊಬೈಲಿನಲ್ಲಿ ನನ್ನ ವಿಡಿಯೋ ಇನ್ನೂ ನಡೆಯುತ್ತಿತ್ತು. ಇನ್ನು ಅವಳಿಗೆ ಅದು ಯಂಕಪ್ಪನ ದನಿಯಲ್ಲಿ ಕೇಳುತ್ತದೆ. ಹೇಳಬೇಕಾದದ್ದು ಇನ್ನೂ ಬೇಕಾದಷ್ಟಿತ್ತು: ಸತುವಿನ ಮಾತ್ರೆ ಹೇಗೆ ಕೊಡಬೇಕು, ಮೆತ್ತನೆ ಅನ್ನ ಯಾವಾಗ ತಿನ್ನಿಸಬೇಕು. ಅದನ್ನೆಲ್ಲ ಇನ್ನು ದಿನಾ ನಾನೇ ಬಂದು ಹೇಳಬೇಕು. ಒದ್ದೆ ಸೀರೆಯಲ್ಲೇ ಅವಳ ಜಾಗದಲ್ಲಿ ಕೂತು, ವಾಟಗ ಹತ್ತಿರ ಎಳೆದುಕೊಂಡು ಕೂಸಿಗೆ ಒಂದು ಚಮಚೆ ಕುಡಿಸಿದೆ.